ಕುರ್ಚಿಯ ಕೆಳಗಿನ ಜಾಗ

ಅರಸನ ಆಳ್ವಿಕೆಯ ಇಪ್ಪತ್ತೆಂಟನೆಯ ವರ್ಷ,
ಸುಗ್ಗಿಗಾಲದ ನಾಲ್ಕನೆಯ ತಿಂಗಳು, ಹನ್ನೆರಡನೆಯ ದಿನ
ಪೆರ್-ರಾಮೆಸ್ಸು ಪಟ್ಟಣ

ನದಿಯ ಪಡುವಣ ದಡದಲ್ಲಿ, ಅರಸರ ಸಮಾಧಿ ಕೆಲಸದವರ ಊರಿನಲ್ಲಿರುವ ನನ್ನ ಅಪ್ಪ, ಚಿತ್ರಗಾರ ಇಪೂಯಿಗೆ ಮಗಳು ತಾಮಿತಳ ನಮಸ್ಕಾರಗಳು.

ಅಪ್ಪಾ, ನೀನೂ ಅವ್ವನೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿಮ್ಮಿಬ್ಬರನ್ನು ಕಣ್ತುಂಬ ನೋಡಿ ತೋಳ್ತುಂಬ ಅಪ್ಪಿಕೊಳ್ಳುವ ದಿನ ಬೇಗ ಬರಲಿ ಎಂದು ಇಲ್ಲಿನ ದೇವರುಗಳನ್ನೆಲ್ಲ ದಿನವೂ ಕೇಳುತ್ತೇನೆ. ಅವರಿಗೆ ನನ್ನ ದನಿಯ ಪರಿಚಯ ಇನ್ನೂ ಆದಂತಿಲ್ಲ. ಪಟ್ಟಣ ದೊಡ್ಡದು, ದೇವರುಗಳಿಗೆ ಪುರುಸೊತ್ತಿಲ್ಲ.

ನಿನ್ನ ಅಳಿಯ ಪೆನ್ನುಬ್ ಅರಮನೆಯ ಗೋಡೆಗೆ ಅಂಟಿಸುವ ನೀಲಿ ಬಿಲ್ಲೆಗಳನ್ನು ಸುಟ್ಟೂ ಸುಟ್ಟೂ ಈಗ ಅವನ ಉಗುರಿನ ಸಂದಿಯೂ ನೀಲಿಯಾಗಿದೆ. ನಿನ್ನನ್ನು ಕೇಳಿದೆನೆಂದು ಬರೆಯಲು ಹೇಳಿದ. ಬರೆದಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಓಣಿಯ ಕೊನೆಯಲ್ಲಿ ಅರಸನ ನೇಯ್ಗೆಮನೆ ಇದೆ. ಅಲ್ಲಿ ಮೂಡಣ ಮರಳುಗಾಡಿನಾಚೆಯ ಖಾರು ಸೀಮೆಯಿಂದ ಸೆರೆ ತಂದ ಹೆಂಗಸರು ನಾರುಬಟ್ಟೆ ನೇಯುತ್ತಾರೆ. ಅವರಲ್ಲಿ ಒಬ್ಬಳು ಕಳೆದ ಬೆಳೆಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟಳು. ಅವಳ ಮಗಳು, ನಾಲ್ಕು ವರ್ಷದವಳಿರಬೇಕು, ಅಂಗಳದ ನಾರಿನ ರಾಶಿಯಲ್ಲಿ ಮಲಗುತ್ತಿದ್ದಳು. ಒಂದು ದಿನ ನಾನು ನೀರು ಕೊಟ್ಟೆ. ನಾನು ಮನೆಗೆ ಬಂದು ತಿರುಗಿ ನೋಡಿದರೆ ಹೊಸ್ತಿಲ ಮೇಲೆ ನಿಂತಿದ್ದಾಳೆ. ಆ ದಿನದಿಂದ ಇಲ್ಲೇ ಇದ್ದಾಳೆ. ಮಾತಿಲ್ಲ. ಹೆಸರು ಕೇಳಿದರೂ ಬಾಯಿ ಬಿಡುವುದಿಲ್ಲ. ಕೊಟ್ಟ ರೊಟ್ಟಿಯಲ್ಲಿ ಅರ್ಧ ತಿಂದು ಅರ್ಧ ಬಚ್ಚಿಡುತ್ತಾಳೆ. ಬೆಳಿಗ್ಗೆ ಪೆನ್ನುಬ್ ಚಪ್ಪಲಿ ಮೆಟ್ಟಲು ಹೋದರೆ ಅದರಲ್ಲಿ ರೊಟ್ಟಿ. ಅವನು ಏನೂ ಹೇಳದೆ ರೊಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟು, ಚಪ್ಪಲಿ ಮೆಟ್ಟಿ, ಸಂಜೆ ಬಂದಮೇಲೆ ಮತ್ತೆ ಅದರೊಳಗೇ ಇಡುತ್ತಾನೆ.

ನಮಗೆ ಮಕ್ಕಳಾಗಲಿಲ್ಲ. ಆ ಬಗ್ಗೆ ನೀನು ಯಾವತ್ತೂ ಕೇಳಲಿಲ್ಲ, ನಾನೂ ಬರೆಯಲಿಲ್ಲ. ಈ ಹುಡುಗಿಯನ್ನು ಮಗಳೆಂದು ಮಾಡಿಕೊಳ್ಳಬೇಕು ಅನಿಸಿದೆ. ನೇಯ್ಗೆಮನೆಯ ಮೇಲ್ವಿಚಾರಕ ಮುಂದಿನ ಸುಗ್ಗಿ ಶುರುವಾಗುವ ತನಕ ಸಮಯ ಕೊಟ್ಟಿದ್ದಾನೆ. ಅಷ್ಟರಲ್ಲಿ ಸಾಕ್ಷಿಗಳ ಮುಂದೆ ಇವಳು ನಮ್ಮವಳೆಂದು ಹೇಳದಿದ್ದರೆ ಜೌಗಿನ ಆಚೆಯ ನಾರುಹೊಲಗಳಿಗೆ ಕಳಿಸುತ್ತಾನಂತೆ.

ಇಷ್ಟು ದೊಡ್ಡ ಕೆಲಸವನ್ನು ದೇವರನ್ನು ಕೇಳದೆ ಮಾಡಲು ನನಗೆ ಧೈರ್ಯವಿಲ್ಲ. ಇಲ್ಲಿನ ದೇವರನ್ನೇ ಕೇಳೋಣ ಅನ್ನುತ್ತಾನೆ ಪೆನ್ನುಬ್. ನನಗೆ ನಮ್ಮೂರ ದೇವರಾದ ಒಡೆಯನೇ ಹೇಳಬೇಕು. ನನ್ನ ಮದುವೆಯನ್ನೂ ಅವನೇ ಹೇಳಿದ್ದಲ್ಲವೇ? ಅವನ ಪಲ್ಲಕ್ಕಿ ಹೊರುವ ಮುಂದಿನ ಬಲಗೊಂಬಿಗೆ ನೀನೇ ಹೆಗಲು ಕೊಟ್ಟಿದ್ದೆ. ನನ್ನನ್ನು ಉತ್ತರಕ್ಕೆ ಕಳಿಸಲು ಇಷ್ಟವಿಲ್ಲದೆ ನಿನ್ನ ಮುಖ ಹಾಗಲಕಾಯಿ ಕಚ್ಚಿದ ಹಾಗಿತ್ತು. ಆದರೂ ಒಡೆಯ ಪಲ್ಲಕ್ಕಿಯನ್ನು ಹಿಂದೆ ನೂಕಿ ಬೇಡ ಎನ್ನದೆ, ಹೌದೆಂದು ಮುಂದೆ ಬಂದ. ಅದಕ್ಕೇ ನನಗೆ ಅವನ ಮೇಲೆ ನಂಬಿಕೆ.

ಮುಂದಿನ ಮೆರವಣಿಗೆಯಲ್ಲಿ ಈ ಪ್ರಶ್ನೆ ಇಡಿಸು: ‘ತಾಮಿತ್ ಈ ಹೆಣ್ಣುಮಗುವನ್ನು ಮಗಳೆಂದು ತೆಗೆದುಕೊಳ್ಳುವುದು ಒಳ್ಳೆಯದೇ?’

ನಿನ್ನ ಆರೋಗ್ಯ ಚೆನ್ನಾಗಿರಲಿ.
ತಾಮಿತ್

*

ನೆರೆಗಾಲದ ಎರಡನೆಯ ತಿಂಗಳು, ನಾಲ್ಕನೆಯ ದಿನ
ಸಮಾಧಿ ಕೆಲಸದವರ ಊರು

ನನ್ನ ಬೆಕ್ಕಿನ ಮರಿ ತಾಮಿತಳಿಗೆ ಅಪ್ಪ ಇಪೂಯಿಯ ಹಾರೈಕೆಗಳು. ಆಯುಸ್ಸು, ಆರೋಗ್ಯ, ಸೊಗಸು ನಿನ್ನದಾಗಲಿ. ನಮ್ಮ ಶಿಖರದ ತಾಯಿಗೆ ದಿನವೂ ನಿನ್ನ ಹೆಸರು ಹೇಳುತ್ತೇನೆ. ಅವಳಿಗೆ ಮೌನ ಇಷ್ಟ, ನನಗೆ ಮಾತು. ಆದರೂ ಸಹಿಸಿಕೊಂಡಿದ್ದಾಳೆ.

ನಿನ್ನ ಪತ್ರ ಧಾನ್ಯದ ದೋಣಿಯವನ ಕೈಯಲ್ಲಿ ಸರಿಯಾದ ಹೊತ್ತಿಗೆ ಬಂತು. ನಿನ್ನ ಅವ್ವನಿಗೆ ಓದಿ ಹೇಳಿದೆ. ಚಪ್ಪಲಿಯ ರೊಟ್ಟಿಯ ವಿಷಯ ಮತ್ತೊಮ್ಮೆ ಓದು ಎಂದಳು. ಓದಿದೆ. ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಊರೆಲ್ಲ ಕ್ಷೇಮ. ನದಿ ಈ ಸಲ ಚೆನ್ನಾಗಿ ಏರಿದೆ. ನಮ್ಮ ಹೆಬ್ಬಾತಿಗೆ ಮಾತ್ರ ಅಹಂಕಾರ ಹೆಚ್ಚಾಗಿದೆ. ನೀರು ಹೊರುವವರ ಕತ್ತೆಯ ಬಾಲ ಹಿಡಿದು ಕಚ್ಚಿತು. ಕತ್ತೆ ಒದ್ದ ರಭಸಕ್ಕೆ ಓಣಿಯುದ್ದಕ್ಕೂ ಗಡಿಗೆಗಳು ಉರುಳಿದವು. ಅವತ್ತು ಊರಿಗೆ ಊರೇ ಹೆಂಡ ಕುಡಿದು ಬಾಯಾರಿಕೆ ತೀರಿಸಿಕೊಂಡಿತು. ಗಂಡಸರು ಯಾರೂ ಹೆಬ್ಬಾತನ್ನು ಬೈಯಲಿಲ್ಲ. ಹೆಂಗಸರು ಇನ್ನೂ ಬೈಯುತ್ತಿದ್ದಾರೆ.

ನನ್ನ ಎಡ ಮಂಡಿ ಹಿಡಿದುಕೊಂಡಿದೆ. ವೈದ್ಯ ನೀರಾನೆಯ ಕೊಬ್ಬು ಹಚ್ಚು ಎಂದ. ಹಚ್ಚಿದೆ. ಮಂಡಿಗೆ ಏನೂ ಆಗಲಿಲ್ಲ, ನಿನ್ನ ಅವ್ವ ಮಾತ್ರ ಹಾಸಿಗೆಯನ್ನು ಮಾಳಿಗೆಗೆ ಸಾಗಿಸಿದಳು.

ನಿನಗಾಗಿ ಕಟ್ಟಿಸುತ್ತಿದ್ದ ಕೋಣೆಗೆ ಗಾರೆ ಮುಗಿಯಿತು. ಒಳ್ಳೆಯ ತಂಪು. ಯಾವಾಗ ಬಂದರೂ ಅದು ನಿನ್ನದು, ನಿನ್ನನ್ನು ಅಲ್ಲಿಂದ ಏಳಿಸುವ ಮನುಷ್ಯ ಈ ನಾಡಿನಲ್ಲೇ ಇಲ್ಲ.

ಮೇಲೆ ಬೆಟ್ಟದಲ್ಲಿ ನಮ್ಮ ಸ್ವಂತ ಸಮಾಧಿಯ ಕೆಲಸವೂ ರಜೆಯ ದಿನಗಳಲ್ಲಿ ನಡೆದಿದೆ. ನಾನೂ ನಿನ್ನ ಅವ್ವನೂ ಕುರ್ಚಿಯಲ್ಲಿ ಕೂತಿರುವ ಚಿತ್ರ ಮುಗಿಸಿದ್ದೇನೆ. ಅವಳನ್ನು ಮದುವೆಯ ದಿನದ ಹಾಗೆ ಬರೆದಿದ್ದೇನೆ. ನನ್ನನ್ನೂ ಸ್ವಲ್ಪ ಹಾಗೇ. ಕುರ್ಚಿಯ ಕೆಳಗಿನ ಜಾಗ ಖಾಲಿ ಇದೆ. ಎಲ್ಲರೂ ಅಲ್ಲಿ ಮೊಮ್ಮಕ್ಕಳನ್ನು ಬರೆಯುತ್ತಾರಲ್ಲ. ಕಲ್ಲುಕುಟಿಗ ಪೆಂದುವಾ ನಿನಗೆ ನೆನಪಿರಬೇಕು, ಪಲ್ಲಕ್ಕಿಯಲ್ಲಿ ನನ್ನ ಹಿಂದಿನ ಹೆಗಲು ಅವನದು. ‘ಸುಮ್ನೆ ಒಂದು ಕೋತಿ ಬರೆದುಬಿಡು ಮಾರಾಯ’ ಅನ್ನುತ್ತಾನೆ. ಗಾರೆ ಇನ್ನೂ ಒಣಗಿಲ್ಲ ಎಂದಿದ್ದೇನೆ.

ಒಡೆಯನ ಮೆರವಣಿಗೆ ಮೊನ್ನೆ ಆಯಿತು. ನಾವು ಹೊರುವವರೆಲ್ಲ ತಲೆ ಬೋಳಿಸಿ, ಮೀನು ಬಿಟ್ಟು, ಬಿಳಿ ಬಟ್ಟೆ ಉಟ್ಟಿದ್ದೆವು. ಮೊದಲಿಗೆ ಪೆಂದುವಾನ ಕಳುವಾದ ತಾಮ್ರದ ಉಳಿಯ ಪ್ರಶ್ನೆ ಬಂತು. ಊರಿನವರ ಹೆಸರು ಒಂದೊಂದಾಗಿ ಓದಿದರು, ಒಡೆಯ ಅಲ್ಲಾಡಲಿಲ್ಲ. ಕೊನೆಗೆ ಪೆಂದುವಾನದೇ ಹೆಸರು ಓದಿದಾಗ ಪಲ್ಲಕ್ಕಿ ಬಾಗಿತು. ಮನೆಗೆ ಹೋಗಿ ನೋಡಿದರೆ ಉಳಿ ಅವನ ಹಾಸಿಗೆಯ ಕೆಳಗೇ ಇತ್ತು.

ನಿನ್ನ ಪ್ರಶ್ನೆಯನ್ನೂ ಇಟ್ಟರು. ಅದನ್ನು ವಿವರವಾಗಿ ಬರೆಯಬೇಕು. ಹಾಳೆ ಮುಗಿಯುತ್ತ ಬಂತು.

ನಿನ್ನ ಅಪ್ಪ
ಇಪೂಯಿ

*

ನೆರೆಗಾಲದ ಮೂರನೆಯ ತಿಂಗಳು, ಹದಿನೆಂಟನೆಯ ದಿನ
ಪೆರ್-ರಾಮೆಸ್ಸು

ಅಪ್ಪ ಇಪೂಯಿಗೆ ತಾಮಿತಳ ನಮಸ್ಕಾರಗಳು. ಆರೋಗ್ಯವಾಗಿರು.

ಹಾಳೆಯ ಹಿಂಬದಿ ಖಾಲಿ ಇತ್ತು ಅಪ್ಪಾ.

ಹೆಬ್ಬಾತಿನ ಅಹಂಕಾರ ತಿಳಿಯಿತು. ಕತ್ತೆಯ ಬಾಲ ತಿಳಿಯಿತು. ಪೆಂದುವಾ ಮಾವನ ಉಳಿ ಸಿಕ್ಕಿದ್ದು ಕೇಳಿ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುವುದು ನಿಲ್ಲಿಸಿ ಪೆನ್ನುಬ್ ಕೇಳಿದ, ‘ಅಲ್ಲಾ, ದೇವ್ರು ಏನಂದ್ರಂತೆ?’ ನಾನು ಪತ್ರ ತಿರುಗಿಸಿ ತಿರುಗಿಸಿ ನೋಡಿದೆ.

ಹುಡುಗಿ ಕಣ್ಣಿಗೆ ಕಾಣುವಂತೆ ಬೆಳೆಯುತ್ತಿದ್ದಾಳೆ. ಕೂದಲ ಹೇನು ಹೋಯಿತು. ಪೆನ್ನುಬ್ ಒಡೆದುಹೋದ ನೀಲಿ ಬಿಲ್ಲೆಗಳನ್ನು ತಂದು ಕೊಡುತ್ತಾನೆ. ಅವನ್ನು ನೆಲದ ಮೇಲೆ ಸಾಲಾಗಿ ಇಟ್ಟು ಪಕ್ಕದಲ್ಲಿ ಕೂತು ಕಾಲು ಮುಳುಗಿಸಿದಂತೆ ಆಡುತ್ತಾಳೆ. ಅದು ನದಿ. ಮೊನ್ನೆ ನನ್ನನ್ನೂ ಎಳೆದು ಕೂರಿಸಿದಳು. ನಾನೂ ಕಾಲು ಮುಳುಗಿಸಿದೆ.

ದಿನ ಕಳೆದಷ್ಟೂ ನನಗೆ ಕಷ್ಟ. ಬೇಡ ಎನ್ನುವುದಾದರೆ ಈಗಲೇ ಎನ್ನಬೇಕಿತ್ತು. ಒಡೆಯ ಮುಂದೆ ಬಂದನೋ, ಹಿಂದೆ ಹೋದನೋ ಅಷ್ಟು ಬರೆದರೆ ಸಾಕು. ಕಲ್ಲಿನ ಚೂರಿನ ಮೇಲೆ ಬರೆದರೂ ಸಾಕು.

ತಾಮಿತ್

*

ನೆರೆಗಾಲದ ನಾಲ್ಕನೆಯ ತಿಂಗಳು, ಇಪ್ಪತ್ತಮೂರನೆಯ ದಿನ
ಸಮಾಧಿ ಕೆಲಸದವರ ಊರು

ಮಗಳು ತಾಮಿತಳಿಗೆ ಅಪ್ಪನ ಹಾರೈಕೆಗಳು. ಅಮುನ್ ದೇವರು ನಿನ್ನ ಕೈ ಹಿಡಿದಿರಲಿ.

ಹಿಂದೆ ಹೋದ.

ಈ ಎರಡು ಮಾತು ಬರೆಯಲು ಆಗದೆ ಅಷ್ಟೆಲ್ಲ ಹೆಬ್ಬಾತಿನ ಕಥೆ ಬರೆದೆ. ಈಗ ಬರೆದದ್ದಾಯಿತು, ನಡೆದದ್ದನ್ನೂ ಹೇಳುತ್ತೇನೆ.

ಉಳಿಯ ಪ್ರಶ್ನೆಯಾದಮೇಲೆ ಊರಿನ ಬರಹಗಾರ ನಿನ್ನ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದ. ಪಲ್ಲಕ್ಕಿ ನಮ್ಮ ಮನೆಯಿಂದ ಸ್ವಲ್ಪ ಈಚೆ, ಓಣಿ ಕಿರಿದಾಗುವಲ್ಲಿ ನಿಂತಿತ್ತು. ನಿನ್ನ ಅವ್ವ ಮಾಳಿಗೆಯ ಮೇಲೆ ನಿಂತು ನೋಡುತ್ತಿದ್ದಳು. ಬರಹಗಾರ ‘ತಾಮಿತ್’ ಎಂದು ನಿನ್ನ ಹೆಸರು ಹೇಳಿದ, ಉತ್ತರದಲ್ಲಿದ್ದಾಳೆ ಎಂದ, ಆಮೇಲೆ ಪ್ರಶ್ನೆ ಹೇಳಿದ. ಅಷ್ಟು ಹೊತ್ತಿಗೆ ನನ್ನ ಬಲ ಮಂಡಿ ಸೋತು ಕಾಲು ಹಿಂದೆ ಸರಿಯಿತು. ಮುಂದಿನ ಕೊಂಬು ಹಿಂದೆ ಬಂದರೆ ಮಿಕ್ಕವರಿಗೆ ಏನು ಗೊತ್ತಾಗುತ್ತದೆ ಹೇಳು. ಒಡೆಯನೇ ನೂಕಿದ ಎಂದುಕೊಂಡು ಎಲ್ಲರೂ ಹಿಂದೆ ನಡೆದರು. ಜನ ‘ಬೇಡ ಅಂದ, ಬೇಡ ಅಂದ’ ಎಂದರು. ಬರಹಗಾರ ಪ್ರಶ್ನೆ ಬರೆದ ಕಲ್ಲಿನ ಚೂರನ್ನು ಬುಟ್ಟಿಗೆ ಹಾಕಿ ಮುಂದಿನ ಪ್ರಶ್ನೆ ಎತ್ತಿಕೊಂಡ. ಎಲ್ಲ ಅಷ್ಟು ಬೇಗ ಮುಗಿದುಹೋಯಿತು.

ಪಲ್ಲಕ್ಕಿಯನ್ನು ಗುಡಿಯಲ್ಲಿ ಇಳಿಸಿದಮೇಲೆ ಪೆಂದುವಾ ಹತ್ತಿರ ಬಂದ. ‘ಏನಯ್ಯಾ, ಮಂಡಿನಾ?’ ಎಂದ. ಹೌದು ಎಂದೆ. ‘ಹಾಗಾದ್ರೆ ಸರಿ’ ಎಂದ. ಸರಿ ಎಂದವನು ಹೋಗಬೇಕಲ್ಲ. ನಿಂತು ನನ್ನ ಮುಖವನ್ನೇ ನೋಡಿದ. ಕಲ್ಲಿನಲ್ಲಿ ಬಿರುಕು ಹುಡುಕುವಾಗ ಹಾಗೆ ನೋಡುತ್ತಾನೆ.

ಮಂಡಿಯಿಂದ ಆದದ್ದೆಂದು ನಾನು ಅಲ್ಲೇ ಹೇಳಬಹುದಿತ್ತು. ಆದರೆ ಹಿರಿಯರು ಹೇಳುವುದೂ ಕೇಳಿದ್ದೀಯಲ್ಲ, ಒಡೆಯನಿಗೆ ಕಾಲಿಲ್ಲ, ನಮ್ಮ ಕಾಲೇ ಅವನ ಕಾಲು, ನಮ್ಮ ಮಂಡಿ ಸೋತರೆ ಅದೂ ಅವನದೇ ಇಚ್ಛೆ ಎಂದು. ಹಾಗೂ ಇರಬಹುದು. ನಾನು ಚಿತ್ರ ಬರೆಯುವವನು, ದೇವರ ಮನಸ್ಸು ನನಗೇನು ಗೊತ್ತು?

ನಿನ್ನ ಅವ್ವ ನನ್ನ ಹತ್ತಿರ ಮಾತು ಕಡಿಮೆ ಮಾಡಿದ್ದಾಳೆ. ಬೇಳೆಗೆ ಈರುಳ್ಳಿ ಹಾಕುವುದನ್ನೂ ನಿಲ್ಲಿಸಿದ್ದಾಳೆ. ಈರುಳ್ಳಿ ಎಲ್ಲಿ ಎಂದರೆ, ಕೋಣೆಯಲ್ಲಿದೆ ಅನ್ನುತ್ತಾಳೆ. ನಿನ್ನ ಹೊಸ ಕೋಣೆಯ ತುಂಬ ಈರುಳ್ಳಿ ಸುರಿದುಬಿಟ್ಟಿದ್ದಾಳೆ. ಅದು ಮಗಳ ಕೋಣೆ ಕಣೇ ಎಂದರೆ, ‘ಬರೋರು ಬಂದಾಗ ತೆಗ್ದರಾಯ್ತು, ಹಾಳು ಬಿದ್ದಿರೋ ಕೋಣೆಗೆ ಈರುಳ್ಳಿನಾದ್ರೂ ಇರ್ಲಿ’ ಅನ್ನುತ್ತಾಳೆ.

ನೀನು ಮನಸ್ಸು ಚಿಕ್ಕದು ಮಾಡಿಕೊಳ್ಳಬೇಡ. ಬೇಕೆನಿಸಿದರೆ ಬಂದು ಸ್ವಲ್ಪ ದಿನ ಇದ್ದು ಹೋಗು. ಕೋಣೆ ತಂಪಾಗಿದೆ.

ಇಪೂಯಿ

*

ಬೆಳೆಗಾಲದ ಎರಡನೆಯ ತಿಂಗಳು, ಮೂರನೆಯ ದಿನ
ಪೆರ್-ರಾಮೆಸ್ಸು

ಅಪ್ಪನಿಗೆ ತಾಮಿತಳ ನಮಸ್ಕಾರಗಳು.

ನಿನ್ನ ಪತ್ರ ಬಂದ ದಿನ ಪೆನ್ನುಬ್‌ಗೆ ಓದಿ ಹೇಳಲಿಲ್ಲ. ಇನ್ನೂ ಹೇಳಿಲ್ಲ. ಅವನು ಹುಡುಗಿಗೆ ಮರದ ಗೊಂಬೆಯೊಂದನ್ನು ಕೆತ್ತುತ್ತಿದ್ದಾನೆ. ಅವನಿಗೆ ಕೆತ್ತಲು ಬರುವುದಿಲ್ಲ. ಗೊಂಬೆ ಸೌತೆಕಾಯಿಯ ಹಾಗಿದೆ. ಅದು ಮುಗಿಯಲಿ ಎಂದು ಕಾಯುತ್ತಿದ್ದೇನೆ.

ನಾನು ದೇವರ ಮಾತು ಮೀರುವವಳಲ್ಲ. ಅವನು ಬೇಡ ಎಂದಿದ್ದರೆ ಸುಗ್ಗಿಯ ಮೊದಲ ದಿನ ನಾನೇ ಇವಳ ಕೈ ಹಿಡಿದು ನೇಯ್ಗೆಮನೆಗೆ ಕರೆದುಕೊಂಡು ಹೋಗುತ್ತೇನೆ. ಹೇಗೆ ಎಂದು ಕೇಳಬೇಡ.

ಆದರೆ ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಮೊದಲ ಪತ್ರದಲ್ಲಿ ನೀರಾನೆಯ ಕೊಬ್ಬು ಹಚ್ಚಿಸಿಕೊಂಡದ್ದು ಎಡ ಮಂಡಿ. ಎರಡನೆಯ ಪತ್ರದಲ್ಲಿ ಸೋತದ್ದು ಬಲ ಮಂಡಿ. ನೀನು ಚಿತ್ರಗಾರ ಅಪ್ಪಾ. ನನಗೆ ಅಕ್ಷರ ಕಲಿಸುವಾಗ ಹಕ್ಕಿಯ ಅಕ್ಷರ ಎಡಕ್ಕೆ ನೋಡುವ ಬದಲು ಬಲಕ್ಕೆ ನೋಡಿದರೆ ಚೂರನ್ನು ಕಿತ್ತು ಎಸೆಯುತ್ತಿದ್ದವನು. ನಿನಗೆ ಎಡ ಬಲ ತಪ್ಪುವುದಿಲ್ಲ.

ಆ ಕೋಣೆಯ ವಿಷಯವೂ ಹೇಳಿಬಿಡುತ್ತೇನೆ. ಮಕ್ಕಳಾಗದ ಹೆಂಡತಿಯನ್ನು ಗಂಡ ಹೊರಗೆ ಹಾಕಿಯಾನು ಎಂಬ ಹೆದರಿಕೆಯಿಂದ ನೀನು ಅದನ್ನು ಕಟ್ಟಿಸಿದೆ. ನೀನು ಬಾಯಿಬಿಟ್ಟು ಹೇಳಲಿಲ್ಲ, ಆದರೂ ನನಗೆ ಗೊತ್ತು. ನಾಡಿನಲ್ಲಿ ಎಷ್ಟು ಅಪ್ಪಂದಿರು ಹಾಗೆ ಕಟ್ಟಿಸುತ್ತಾರೆ? ಅದನ್ನು ನೆನೆದರೆ ನನಗೆ ಅಳು ಬರುತ್ತದೆ. ಆದರೆ ಪೆನ್ನುಬ್ ನನ್ನನ್ನು ಹೊರಗೆ ಹಾಕುವುದಿಲ್ಲ. ಚಪ್ಪಲಿಯಲ್ಲಿ ರೊಟ್ಟಿ ಇದ್ದರೂ ಸುಮ್ಮನಿರುವವನು ಅವನು. ನಾನು ಆ ಕೋಣೆಗೆ ಬರುವುದಿಲ್ಲ ಅಪ್ಪಾ. ಹಬ್ಬಕ್ಕೆ ಬರುತ್ತೇನೆ, ಅವ್ವನ ಕೈಯಡುಗೆ ಉಣ್ಣಲು ಬರುತ್ತೇನೆ, ಇರಲು ಬರುವುದಿಲ್ಲ. ಈರುಳ್ಳಿ ಇರಲಿ.

ಬೆಳೆಗಾಲದ ಮೂರನೆಯ ತಿಂಗಳ ಕೊನೆಗೆ ಒಡೆಯನ ದೊಡ್ಡ ಹಬ್ಬ ಬರುತ್ತದೆ. ಇನ್ನೊಮ್ಮೆ ಕೇಳುತ್ತೀಯಾ? ಈ ಸಲ ಪಲ್ಲಕ್ಕಿಯ ಕೆಳಗೆ ಬೇಡ. ಅದರ ಮುಂದೆ ನಿಂತು ಕೇಳು.

ಮೂರು ಸಲ ಬರೆದು ಮೂರು ಸಲ ಅಳಿಸಿದ ಪತ್ರ ಇದು. ನಿನ್ನ ಮೇಲೆ ಕೋಪವಿಲ್ಲ. ನನ್ನನ್ನು ಇಷ್ಟು ಬೇಕೆನ್ನುವವರು ಇನ್ನು ಯಾರಿದ್ದಾರೆ?

ತಾಮಿತ್

*

ಬೆಳೆಗಾಲದ ನಾಲ್ಕನೆಯ ತಿಂಗಳು, ಮೂರನೆಯ ದಿನ
ಸಮಾಧಿ ಕೆಲಸದವರ ಊರು

ನನ್ನ ಬೆಕ್ಕಿನ ಮರಿಗೆ ಅಪ್ಪನ ಹಾರೈಕೆಗಳು. ಈ ಪತ್ರವನ್ನು ಕಾವಲು ಪಡೆಯ ಓಟಗಾರನ ಕೈಗೆ ಕೊಟ್ಟಿದ್ದೇನೆ, ಸುಗ್ಗಿಗೆ ಮುಂಚೆ ಮುಟ್ಟಲಿ ಎಂದು. ಅವನಿಗೆ ಹೆಬ್ಬಾತು ಕೊಟ್ಟೆ. ಇನ್ನು ಮೇಲೆ ಅದರ ಸುದ್ದಿ ಇರುವುದಿಲ್ಲ.

ಅವತ್ತು ಮಂಡಿ ನೋಯುತ್ತಿರಲಿಲ್ಲ. ಎಡದ್ದೂ ಇಲ್ಲ, ಬಲದ್ದೂ ಇಲ್ಲ.

ಬರಹಗಾರ ನಿನ್ನ ಹೆಸರು ಓದಿದಾಗ ನನ್ನ ಕಣ್ಣ ಮುಂದೆ ಆ ಕೋಣೆ ಬಂತು. ಮಗು ಬಂದರೆ ಇವಳು ಅಲ್ಲೇ ಬೇರು ಬಿಡುತ್ತಾಳೆ, ಇಲ್ಲಿ ಮಲಗುವುದಿಲ್ಲ ಎಂದು ಅನಿಸಿತು. ಅನಿಸಿತು ಅಷ್ಟೇ. ಕಾಲು ಹಿಂದೆ ಹೋಯಿತು. ನಾನೇ ಬೇಕೆಂದು ಇಟ್ಟೆನೋ, ತಾನಾಗಿ ಹೋಯಿತೋ ಎಂದು ಎಷ್ಟೋ ದಿನ ನನ್ನನ್ನೇ ಕೇಳಿಕೊಂಡೆ. ಒಂದು ಮಾತ್ರ ಖಂಡಿತ ಗೊತ್ತು. ನಿನ್ನ ಮದುವೆಯ ದಿನ ನಾನು ಹಿಂದಕ್ಕೆ ಜಗ್ಗುತ್ತಿದ್ದೆ, ಆದರೂ ಒಡೆಯ ನನ್ನನ್ನು ಎಳೆದುಕೊಂಡು ಮುಂದೆ ಹೋದ. ಆ ಭಾರ ನನ್ನ ಹೆಗಲಿಗೆ ಚೆನ್ನಾಗಿ ನೆನಪಿದೆ. ಈ ಸಲ ಅಂಥ ಭಾರವೇ ಇರಲಿಲ್ಲ.

ಸತ್ತಮೇಲೆ ಗುಂಡಿಗೆಯನ್ನು ತೂಗುವ ತಕ್ಕಡಿಯನ್ನು ಎಷ್ಟು ಜನರ ಗೋಡೆಯ ಮೇಲೆ ಬರೆದಿದ್ದೇನೆ. ಒಂದು ಕಡೆ ಗುಂಡಿಗೆ, ಇನ್ನೊಂದು ಕಡೆ ಸತ್ಯದ ಗರಿ. ಬೇರೆಯವರದ್ದನ್ನೆಲ್ಲ ಸರಿಸಮ ನಿಲ್ಲಿಸಿ ಬರೆದೆ, ಕೂಲಿ ಕೊಟ್ಟಿದ್ದರಲ್ಲ. ಈ ಚಳಿಗಾಲವೆಲ್ಲ ನನ್ನ ತಟ್ಟೆ ಕೆಳಗಿಳಿಯುತ್ತಿರುವುದನ್ನೇ ನೋಡುತ್ತಿದ್ದೆ.

ನಿನ್ನ ಪತ್ರ ಬಂದಮೇಲೆ ಪಲ್ಲಕ್ಕಿಯಿಂದ ಹೆಗಲು ತೆಗೆದೆ. ಮುಂದಿನ ಬಲಗೊಂಬಿಗೆ ಪೆಂದುವಾ ಬಂದ. ನನಗೆ ಉಪಕಾರ ಮಾಡಲು ಹೋಗಬೇಡ, ಒಡೆಯ ಹೇಗೆ ನಡೆಸಿದರೆ ಹಾಗೆ ನಡೆ ಎಂದು ಅವನಿಗೆ ಹೇಳಿದೆ. ಅವನಿಗೆ ಸಿಟ್ಟು ಬಂತು. ‘ದೇವ್ರನ್ನ ನೂಕೋದು ನಿನಗೆ ಅಭ್ಯಾಸ ಇರ್ಬೋದು ಕಣಪ್ಪಾ, ನಮಗಿಲ್ಲ’ ಎಂದ.

ಹಬ್ಬದ ದಿನ ಬಂತು. ಹೆಂಡದ ಗಡಿಗೆಗಳು, ಮಕ್ಕಳು, ತಂಬೂರಿ, ಎಲ್ಲ ನಿನಗೆ ಗೊತ್ತಿರುವುದೇ. ನಾನು ಓಣಿಯ ನಡುವೆ ಪಲ್ಲಕ್ಕಿಗೆ ಎದುರಾಗಿ ನಿಂತೆ. ಇಷ್ಟು ವರ್ಷ ಹೊತ್ತರೂ ಒಡೆಯನ ಮುಖವನ್ನು ಹಾಗೆ ಎದುರಿಗೆ ನಿಂತು ನೋಡಿರಲಿಲ್ಲ. ಹೊರುವವರಿಗೆ ಅವನ ಬೆನ್ನೂ ಕಾಣುವುದಿಲ್ಲ, ಮುಂದಿನವನ ಬೋಳುತಲೆಯೋ ಎದುರಿನ ಓಣಿಯೋ ಕಾಣುತ್ತದೆ ಅಷ್ಟೇ. ಬರಹಗಾರ ಚೂರನ್ನು ನೋಡಿ, ಇದನ್ನು ಆಗಲೇ ಕೇಳಿದ್ದಾಗಿದೆಯಲ್ಲ ಎಂದ. ಎಲ್ಲರಿಗೂ ಕೇಳುವ ಹಾಗೆ ನಾನು ಹೇಳಿದೆ, ‘ಅವತ್ತು ಹಿಂದೆ ಹೋಗಿದ್ದು ಒಡೆಯ ಅಲ್ಲ, ನಾನು.’ ತಂಬೂರಿ ನಿಂತುಹೋಯಿತು. ಒಬ್ಬ ಮುದುಕ ಉಗುಳಿದ. ಬರಹಗಾರ ನನ್ನನ್ನು ದುರುಗುಟ್ಟಿ ನೋಡಿ, ಆಮೇಲೆ ಪ್ರಶ್ನೆ ಓದಿದ.

ಪಲ್ಲಕ್ಕಿ ಅಲ್ಲಾಡಲಿಲ್ಲ. ಮುಂದೂ ಇಲ್ಲ, ಹಿಂದೂ ಇಲ್ಲ. ಹೊರುವವರ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಬರಹಗಾರ ಚೂರನ್ನು ಬುಟ್ಟಿಗೆ ಹಾಕಲು ಕೈ ಎತ್ತಿದ. ಆಗ ಮಾಳಿಗೆಯ ಮೇಲಿಂದ ನಿನ್ನ ಅವ್ವನ ದನಿ ಕೇಳಿತು. ತಿಂಗಳುಗಟ್ಟಲೆ ನನ್ನ ಹತ್ತಿರ ಎರಡು ಮಾತಿಗೆ ಮೂರನೆಯದು ಆಡದವಳು ಊರೆಲ್ಲ ಕೇಳುವ ಹಾಗೆ ಹೇಳಿದಳು: ‘ಅವಳದ್ದು ಅವಳು ಕೇಳಿಯಾಯ್ತು. ನಿಂದು ನೀನು ಕೇಳು.’

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ನಾನು ಎರಡೂ ಕೈ ಎತ್ತಿ ಕೇಳಿದೆ, ‘ಒಡೆಯಾ, ಆ ಮಗೂಗೆ ನಾನು ಅಜ್ಜ ಆಗ್ಬೋದಾ?’

ಬಂದ. ತಾಮಿತ್, ಒಡೆಯ ಬಂದ. ಒಂದು ಹೆಜ್ಜೆ ಬಂದು ನಿಲ್ಲುವುದು ವಾಡಿಕೆಯಲ್ಲವೇ? ನಿಲ್ಲಲಿಲ್ಲ. ನಾನು ಹಿಂದೆ ಸರಿದೆ, ಅವನು ಮುಂದೆ ಬಂದ. ಮತ್ತೆ ಸರಿದೆ, ಮತ್ತೆ ಬಂದ. ಜನ ಗೋಡೆಗಳಿಗೆ ಅಂಟಿ ನಿಂತರು. ಹೀಗೆ ಸರಿಯುತ್ತಾ ಸರಿಯುತ್ತಾ ನನ್ನ ಬೆನ್ನಿಗೆ ಏನೋ ತಗುಲಿತು. ತಿರುಗಿ ನೋಡಿದರೆ ನಮ್ಮ ಮನೆಯ ಬಾಗಿಲು. ಪಲ್ಲಕ್ಕಿಯ ಕೊಂಬು ನನ್ನ ಎದೆಯಿಂದ ಅಂಗೈ ಅಗಲ ದೂರದಲ್ಲಿ ನಿಂತಿತು. ಒಡೆಯನ ಚಿನ್ನದ ಮುಖ ಅಷ್ಟು ಹತ್ತಿರ. ಹೆಂಗಸರು ಕೇಕೆ ಹಾಕಿದರು. ನಿನ್ನ ಅವ್ವ ಮಾಳಿಗೆಯಿಂದ ಇಳಿದು ಬಂದು ನನ್ನ ಪಕ್ಕದಲ್ಲಿ ನಿಂತು ಕೈ ಹಿಡಿದುಕೊಂಡಳು.

ಆಮೇಲೆ ಹೆಂಡ ಕುಡಿಯಲು ಕೂತಾಗ ನಾನು ತಡೆಯಲಾರದೆ ಪೆಂದುವಾನನ್ನು ಕೇಳಿದೆ, ‘ನಿಜ ಹೇಳು, ನೀನೇ ನೂಕಿದ್ಯಾ?’ ಅವನು ಮೀಸೆಯ ನೊರೆ ಒರೆಸಿಕೊಂಡ. ‘ಅವತ್ತು ನೂಕಿದ್ಯಾ ಅಂತ ನಾನು ನಿನ್ನ ಕೇಳಿದ್ನಾ?’ ಎಂದ. ಅಷ್ಟೇ. ಇನ್ನು ನಾನು ಕೇಳುವುದಿಲ್ಲ. ಹೊರುವಾಗ ನನಗೆ ಎಲ್ಲ ಗೊತ್ತಿತ್ತು. ಎದುರಿಗೆ ನಿಂತಾಗ ಏನೂ ಗೊತ್ತಾಗಲಿಲ್ಲ, ಬೆನ್ನಿಗೆ ಬಾಗಿಲು ತಗುಲಿದ್ದೊಂದು ಬಿಟ್ಟರೆ.

ಮಾರನೆಯ ದಿನವೇ ಬೆಟ್ಟ ಹತ್ತಿದೆ. ಗಾರೆ ಒಣಗಿ ಯಾವ ಕಾಲವಾಗಿತ್ತೋ. ಕುರ್ಚಿಯ ಕೆಳಗೆ, ನಿನ್ನ ಅವ್ವನ ಕಾಲಿನ ಹತ್ತಿರ, ಒಂದು ಹೆಣ್ಣುಮಗುವನ್ನು ಬರೆದಿದ್ದೇನೆ. ನೋಡಿಲ್ಲ, ಆದ್ದರಿಂದ ಮೂಗು ನಿನ್ನದೇ ಇಟ್ಟಿದ್ದೇನೆ. ಕಿವಿಯ ಪಕ್ಕದಲ್ಲಿ ಕೂದಲ ಜಡೆ. ಕೈಗೆ ರೊಟ್ಟಿ ಕೊಟ್ಟಿದ್ದೇನೆ, ಇಡಿಯಾಗಿ, ಮುಖದಷ್ಟು ದೊಡ್ಡದು. ಎಲ್ಲ ಆಯಿತು, ಮೇಲೆ ಹೆಸರೊಂದು ಬರೆಯಬೇಕು. ಹೆಸರಿಲ್ಲದಿದ್ದರೆ ಅವಳು ನಮ್ಮ ಜೊತೆ ಆಚೆ ಲೋಕಕ್ಕೆ ಹೇಗೆ ಬರುತ್ತಾಳೆ? ಬೇಗ ತಿಳಿಸು. ಬಣ್ಣ ಕಲಸಿಟ್ಟಿದ್ದೇನೆ.

ಬೇಳೆಗೆ ಈರುಳ್ಳಿ ಬಂದಿದೆ.

ನಿನ್ನ ಅಪ್ಪ, ಅವಳ ಅಜ್ಜ
ಇಪೂಯಿ

*

ಬೆಳೆಗಾಲದ ನಾಲ್ಕನೆಯ ತಿಂಗಳು, ಇಪ್ಪತ್ತೆಂಟನೆಯ ದಿನ
ಪೆರ್-ರಾಮೆಸ್ಸು

ಅಪ್ಪನಿಗೂ ಅವ್ವನಿಗೂ ತಾಮಿತಳ ನಮಸ್ಕಾರಗಳು, ಪೆನ್ನುಬ್‌ನ ನಮಸ್ಕಾರಗಳು.

ಓಟಗಾರ ಬಂದಾಗ ನಾನು ಹಿಟ್ಟು ನಾದುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಓದಿದೆ. ಪೆನ್ನುಬ್ ಗೂಡಿನ ಬೆಂಕಿ ಬಿಟ್ಟು ಓಡಿ ಬಂದ. ಅವತ್ತಿನ ಬಿಲ್ಲೆಗಳೆಲ್ಲ ಹಸಿರಾಗಿಬಿಟ್ಟವಂತೆ. ನಾಳೆ ಸಾಕ್ಷಿಗಳನ್ನು ಕರೆದಿದ್ದೇವೆ. ಮೇಲ್ವಿಚಾರಕ ಒಪ್ಪಿದ್ದಾನೆ.

ಇವಳಿಗೆ ನಮ್ಮ ಕಡೆಯ ಹೆಸರಿಡೋಣ ಎಂದು ಪೆನ್ನುಬ್ ನಾಲ್ಕೈದು ಹೆಸರು ಯೋಚಿಸಿದ್ದ. ನಾನು ಇವಳನ್ನು ಕೂರಿಸಿಕೊಂಡು ಹೇಳಿದೆ, ದೂರದಲ್ಲಿ ನಿನಗೆ ಒಬ್ಬ ಅಜ್ಜ ಇದ್ದಾನೆ, ಗೋಡೆಯ ಮೇಲೆ ನಿನ್ನನ್ನು ಬರೆದಿದ್ದಾನೆ, ಕೈಗೆ ರೊಟ್ಟಿ ಕೊಟ್ಟಿದ್ದಾನೆ, ಈಗ ಹೆಸರು ಬರೆಯಬೇಕಂತೆ. ಅವಳು ಬಹಳ ಹೊತ್ತು ನನ್ನ ಬಾಯಿಯನ್ನೇ ನೋಡಿದಳು. ಆಮೇಲೆ, ಒಂದು ವರ್ಷ ಒಂದು ಮಾತೂ ಆಡದವಳು, ‘ಶಿಫ್ರಾ’ ಎಂದಳು.

ಖಾರು ಸೀಮೆಯ ಹೆಸರು. ಅವಳ ಅವ್ವ ಇಟ್ಟದ್ದು. ಅದನ್ನೇ ಬರೆ ಅಪ್ಪಾ.

ರೊಟ್ಟಿಯ ವಿಷಯ ಮಾತ್ರ ಅವಳಿಗೆ ನಂಬಿಕೆ ಬರಲಿಲ್ಲ. ಸಂಜೆ ಪೆನ್ನುಬ್‌ನ ಹತ್ತಿರ ಹೋಗಿ ಕೇಳಿದಳು, ‘ಗೋಡೆ ಮೇಲಿನ ರೊಟ್ಟಿ ಯಾರೂ ಕಿತ್ಕೊಳ್ಳಲ್ವಾ?’ ಅವನು ನನ್ನ ಮುಖ ನೋಡಿದ. ನಾನೇ ಹೇಳಿದೆ, ಯಾರೂ ಕಿತ್ತುಕೊಳ್ಳಲ್ಲ, ಅಜ್ಜ ಬರೆದಿದ್ದಾನಲ್ಲ ಎಂದು. ಅವಳು ಹೋಗಿ ಚಪ್ಪಲಿಯಿಂದ ಬಚ್ಚಿಟ್ಟ ರೊಟ್ಟಿ ತೆಗೆದು, ಎಣ್ಣೆಯಲ್ಲಿ ಅದ್ದಿ, ಮೂರು ತುಂಡು ಮಾಡಿ ನಮಗೂ ಕೊಟ್ಟಳು. ಕಲ್ಲಿನ ಹಾಗಿತ್ತು. ಮೂವರೂ ಕೂತು ತಿಂದೆವು.

ಕೋಣೆಯಲ್ಲಿ ಈರುಳ್ಳಿ ಇರಲಿ ಎಂದಿದ್ದೆನಲ್ಲ, ಮುಂದಿನ ದೊಡ್ಡ ಹಬ್ಬದ ಹೊತ್ತಿಗೆ ಸ್ವಲ್ಪ ಸರಿಸಲು ಅವ್ವನಿಗೆ ಹೇಳು. ಮೂವರು ಮಲಗುವಷ್ಟು.

ಹಾಳೆಯ ಮೂಲೆಯಲ್ಲಿರುವ ಎಣ್ಣೆಯ ಕಲೆ ಶಿಫ್ರಾಳ ಬೆರಳಿನದು. ಅವಳೂ ಬರೆದಿದ್ದಾಳಂತೆ. ಒರೆಸಬೇಡ.

ನಿಮ್ಮ
ತಾಮಿತ್